ಸಂಗಾತಿಯ ನಿಷ್ಠೆಯೂ ದಾಳದ ಗಣಿತವೂ

ಸಾಗರ, ಹೊಸನಗರ, ತೀರ್ಥಹಳ್ಳಿಗಳ ವಿದ್ಯಾರ್ಥಿಗಳಿಗೆ ಯಕ್ಷಗಾನ ಹೊಸದಲ್ಲ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ. ಅರ್ಥವನ್ನಾದರೋ ವೇಷಧಾರಿಯು ರಂಗದಲ್ಲಿಯೇ ಕಟ್ಟಿ ನುಡಿಯಬೇಕು. ಗೇರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಪಾತ್ರಾಭಿನಯದ ಆಟವೂ ಹೆಚ್ಚುಕಡಮೆ ಇದೇ ಜಾತಿಯದು. ಆಟಗಾರನು ವೀರನಾಗಿ ಮಾತನಾಡುತ್ತಾನೆ. ವೀರನು ಕೂಲಿಕೊಟ್ಟು ಕರೆದೊಯ್ಯುವ ಸಂಗಾತಿಯನ್ನು ನಡೆಸುವವನು ಆಟದ ಸೂತ್ರಧಾರ.

ಆಪತ್ತಿನಲ್ಲಿ ಆ ಸಂಗಾತಿ ನಿಲ್ಲುವನೋ, ಓಡುವನೋ? 1981ರ ಆವೃತ್ತಿಯಲ್ಲಿ ಇದಕ್ಕೊಂದು ಸೊಗಸಾದ ನಿಯಮವುಂಟು. ಪ್ರತಿಯೊಬ್ಬನಿಗೂ 2ರಿಂದ 12ರವರೆಗಿನ ಒಂದು ಧೈರ್ಯಾಂಕ. ಎರಡು ದಾಳಗಳ ಮೊತ್ತ ಅದನ್ನು ಮೀರಿದರೆ ಅವನು ಎದೆಗುಂದಿದನೆಂದು ಲೆಕ್ಕ. ದಾಳಗಳು ಬೀಳಬಹುದಾದ 36 ಬಗೆಗಳಲ್ಲಿ 15ರ ಮೊತ್ತ 7ನ್ನು ಮೀರುತ್ತದೆ. 10ನ್ನು ಮೀರುವುವು ಮೂರೇ. 12ರವನಿಗೆ ಓಡುವ ಪ್ರಶ್ನೆಯೇ ಇಲ್ಲ.

ಆದರೆ ಈ 12ರವನು ನನಗೆ ಅಷ್ಟೇನೂ ಮೆಚ್ಚಿಕೆಯಾಗುವುದಿಲ್ಲ. ಕಲ್ಲು ಕೆಳಕ್ಕೆ ಬೀಳುವುದನ್ನು ಯಾರೂ ಶೀಲವೆನ್ನರಷ್ಟೆ! ಓಡಬಹುದಾಗಿದ್ದ 7ರವನು ನಿಂತರೆ ಅದು ಹಿರಿದು. ನಿಲ್ಲಿಸಿದ್ದು ದಾಳವಲ್ಲವೆ ಎನ್ನುವಿರಾ? ದಿಟ, ಏಕೆ ನಿಂತನೆಂಬುದನ್ನು ಮಾತ್ರ ಸೂತ್ರಧಾರನು ಅರ್ಥಧಾರಿಯಂತೆ ಕಟ್ಟಿ ನುಡಿಯಬೇಕು.

ತೀರ್ಥಹಳ್ಳಿ ಸೀಮೆಯ ಕುಪ್ಪಳಿಯ ಕುವೆಂಪು ಅವರು 1967ರಲ್ಲಿ ಪ್ರಕಟಿಸಿದ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಗುತ್ತಿಯ ನಾಯಿ ಹುಲಿಯ ಇದೆಯಲ್ಲ, ಅದಕ್ಕೆ ಧೈರ್ಯಾಂಕವಿಲ್ಲ. ತುಂಬಿದ ತುಂಗೆಯಲ್ಲಿ ಅದು ಕೊಚ್ಚಿಹೋಗುವಾಗ ನಮ್ಮ ಗಂಟಲು ಬಿಗಿಯುವುದು, ಒಡೆಯನೊಡನೆ ಅದು ಕಾಡುದಾರಿ ಅಲೆದುದನ್ನು ನಾವು ಪುಟಪುಟದಲ್ಲಿಯೂ ಕಂಡಿರುವುದರಿಂದ.