ಕುರಿ ಮತ್ತು ಮೇಕೆ ಸಾಕಾಣಿಕೆದಾರರಿಗೆ ಪ್ರಾಯೋಗಿಕ ತರಬೇತಿ

ಪೀಠಿಕೆ

ರಾಜ್ಯದ ಒಣ ಬೇಸಾಯ ಪ್ರದೇಶಗಳಲ್ಲಿ ಸಣ್ಣ ಹಾಗೂ ಅತಿ ಸಣ್ಣ ರೈತರಿಗೆ ಮತ್ತು ಭೂರಹಿತ ಕಾರ್ಮಿಕರಿಗೆ ಕುರಿ ಮತ್ತು ಮೇಕೆ ಸಾಕಾಣಿಕೆಯು ಪ್ರಮುಖ ಆದಾಯ ಮೂಲವಾಗಿರುತ್ತದೆ. 2019ರ 20ನೇ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 1.11 ಕೋಟಿ ಕುರಿಗಳು ಹಾಗೂ ಸುಮಾರು 62 ಲಕ್ಷ ಮೇಕೆಗಳಿದ್ದವು. ಕುರಿಗಳ ಸಂಖ್ಯೆಯಲ್ಲಿ ರಾಜ್ಯವು ತೆಲಂಗಾಣ ಮತ್ತು ಆಂಧ್ರಪ್ರದೇಶಗಳ ನಂತರ ಮೂರನೇ ಸ್ಥಾನದಲ್ಲಿತ್ತು. ಬನ್ನೂರು, ಹಾಸನ, ಬಳ್ಳಾರಿ, ದಖನಿ ಮತ್ತು ಕೆಂಗುರಿ ಇಲ್ಲಿನ ಹೆಸರಾಂತ ಕುರಿ ತಳಿಗಳು.

ತರಬೇತಿಯ ಅವಶ್ಯಕತೆ

ಇಪ್ಪತ್ತು ಕುರಿಗಳ ಹಿಂಡು ಬಡ ಕುಟುಂಬದ ಪಾಲಿಗೆ ಬ್ಯಾಂಕಿನ ಠೇವಣಿ ಇದ್ದಂತೆ. ಆಸ್ಪತ್ರೆಯ ಖರ್ಚು, ಮಕ್ಕಳ ಶಾಲೆ, ಬಿತ್ತನೆ ಬೀಜ ಎಲ್ಲದಕ್ಕೂ ಒಂದು ಟಗರಿನ ಮಾರಾಟವೇ ಆಧಾರ. ಮಳೆಗಾಲದ ಆರಂಭದಲ್ಲಿ ರೋಗ ತಗುಲಿ ನಾಲ್ಕು ಕುರಿಗಳು ಸತ್ತರೆ ಬಂಡವಾಳದ ಐದನೇ ಒಂದು ಭಾಗ ನಷ್ಟವಾಗುವುದಲ್ಲದೆ, ಅವುಗಳಿಂದ ಮುಂದೆ ಬರಬೇಕಾಗಿದ್ದ ಮರಿಗಳೂ ಕೈತಪ್ಪುತ್ತವೆ. ಇಂತಹ ನಷ್ಟದ ಬಹುಪಾಲನ್ನು ತಡೆಯಲು ಸಾಧ್ಯವಿದೆ. ಆದರೆ "ತೂಕಕ್ಕೆ ತಕ್ಕಂತೆ ಜಂತುನಾಶಕ ಕೊಡಿ" ಎಂದು ಕರಪತ್ರದಲ್ಲಿ ಓದಿದ ಮಾತ್ರಕ್ಕೆ ತೂಕ ಅಂದಾಜು ಮಾಡುವುದಾಗಲೀ, ಔಷಧ ಕುಡಿಸುವುದಾಗಲೀ ಬರುವುದಿಲ್ಲ. ಅನುಭವಿಗಳ ಎದುರಿನಲ್ಲಿ ಪ್ರಾಣಿಯನ್ನು ಹಿಡಿದು, ಸ್ವತಃ ಮಾಡಿ ಕಲಿಯುವುದು ಅಗತ್ಯ.

ಕಲಿಯಬೇಕಾದ ಮುಖ್ಯ ಕೌಶಲಗಳು

1. ಕಣ್ಣಿನ ಪರೀಕ್ಷೆ: ಕೆಳರೆಪ್ಪೆಯನ್ನು ಮೆಲ್ಲನೆ ಕೆಳಗೆ ಸರಿಸಿ ಒಳಭಾಗದ ಬಣ್ಣ ನೋಡುವುದು. ಕೆಂಪಾಗಿದ್ದರೆ ರಕ್ತಹೀನತೆಯಿಲ್ಲ. ಬಿಳಿಚಿಕೊಂಡಿದ್ದರೆ, ದವಡೆಯ ಕೆಳಗೆ ನೀರು ತುಂಬಿದ ಬಾವು ಇದ್ದರೆ, ರಕ್ತ ಹೀರುವ ಜಂತುಗಳ ಬಾಧೆಯನ್ನು ಶಂಕಿಸಬೇಕು. ದಕ್ಷಿಣ ಆಫ್ರಿಕಾದಲ್ಲಿ ರೂಪಿಸಲಾದ ಐದು ಬಣ್ಣಗಳ 'ಫಮಾಚ' ಪಟ್ಟಿಯು ಈ ಪರೀಕ್ಷೆಗೆ ಸಹಾಯಕ.

2. ತೂಕ ಮತ್ತು ಔಷಧದ ಪ್ರಮಾಣ: 30 ಕೆ.ಜಿ. ತೂಕದ ಕುರಿಯನ್ನು 20 ಕೆ.ಜಿ. ಎಂದು ಅಂದಾಜಿಸಿದರೆ ಔಷಧದಲ್ಲಿ ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ. ಬದುಕುಳಿದ ಜಂತುಗಳು ಆ ಔಷಧಕ್ಕೆ ಬಗ್ಗದಂತಾಗಿ, ಕ್ರಮೇಣ ಔಷಧದ ಹಣ ವ್ಯರ್ಥವಾಗುತ್ತದೆ. ಆದ್ದರಿಂದ ತೂಗುವ ತಕ್ಕಡಿಯ ಬಳಕೆಯನ್ನು ರೂಢಿಸಿಕೊಳ್ಳಬೇಕು. ಕುರಿಯ ಪ್ರಮಾಣವೇ ಮೇಕೆಗೂ ಅನ್ವಯಿಸುತ್ತದೆಂದು ಭಾವಿಸಬಾರದು. ಗಬ್ಬದ ಪ್ರಾಣಿಗಳಿಗೆ ಪಶುವೈದ್ಯರ ಸಲಹೆಯಿಲ್ಲದೆ ಜಂತುನಾಶಕ ನೀಡಬಾರದು.

3. ಔಷಧ ಕುಡಿಸುವ ಕ್ರಮ: ತಲೆಯನ್ನು ಮೇಲಕ್ಕೆತ್ತಿ ಸುರಿದರೆ ಔಷಧ ಶ್ವಾಸಕೋಶಕ್ಕೆ ಇಳಿದು ಪ್ರಾಣಿ ಸಾಯಬಹುದು. ತಲೆಯನ್ನು ಸಮಮಟ್ಟದಲ್ಲಿ ಹಿಡಿದು, ಬಾಯಿಯ ಪಕ್ಕದಿಂದ ನಾಲಿಗೆಯ ಮೇಲೆ ನಿಧಾನವಾಗಿ ಬಿಡಬೇಕು.

4. ಹಲ್ಲು ಮತ್ತು ಮೈಕಟ್ಟು: ಕೆಳದವಡೆಯ ಮುಂಭಾಗದಲ್ಲಿ ಎರಡು ಶಾಶ್ವತ ಹಲ್ಲುಗಳಿದ್ದರೆ ಒಂದರಿಂದ ಒಂದೂವರೆ ವರ್ಷ, ಎಂಟೂ ಬಂದು ಬಾಯಿಗೂಡಿದ್ದರೆ ಸುಮಾರು ನಾಲ್ಕು ವರ್ಷ ಎಂದು ತಿಳಿಯಬಹುದು. ಸಂತೆಯಲ್ಲಿ ಮೋಸ ಹೋಗದಿರಲು ಇದು ಸಹಕಾರಿ. ಉಣ್ಣೆಯು ಬಡಕಲು ಮೈಯನ್ನು ಮರೆಮಾಚುವುದರಿಂದ ಸೊಂಟದ ಮೂಳೆಯನ್ನು ಕೈಯಿಂದ ಒತ್ತಿ ನೋಡಿಯೇ ಮೈಕಟ್ಟನ್ನು ನಿರ್ಧರಿಸಬೇಕು.

5. ಮರಿಗಳ ಆರೈಕೆ: ಮರಿ ಹುಟ್ಟಿದ ಕೂಡಲೇ ಮೂಗು, ಬಾಯಿಯ ಲೋಳೆ ಒರೆಸಿ, ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಿ, ಸಾಧ್ಯವಾದಷ್ಟೂ ಒಂದು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಬೇಕು. ರೋಗ ನಿರೋಧಕ ಶಕ್ತಿ ಮರಿಗೆ ದೊರೆಯುವುದು ಗಿಣ್ಣುಹಾಲಿನಿಂದಲೇ.

6. ಲಸಿಕೆ ಮತ್ತು ದಾಖಲೆ: ಕರುಳುಬೇನೆಗೆ ಮಳೆಗಾಲಕ್ಕೆ ಮೊದಲು ಹಾಗೂ ಪಿ.ಪಿ.ಆರ್. ರೋಗಕ್ಕೆ ಪಶುವೈದ್ಯರು ಸೂಚಿಸಿದ ಅವಧಿಯಲ್ಲಿ ಲಸಿಕೆ ಹಾಕಿಸಬೇಕು. ಶೀತಲ ವ್ಯವಸ್ಥೆಯಿಲ್ಲದೆ ಬಿಸಿಲಿನಲ್ಲಿ ಸಾಗಿಸಿದ ಲಸಿಕೆಯಿಂದ ಪ್ರಯೋಜನವಿಲ್ಲ. ಹುಟ್ಟು, ಸಾವು, ಲಸಿಕೆ, ಖರೀದಿ, ಮಾರಾಟ ಮತ್ತು ಖರ್ಚುಗಳನ್ನು ಒಂದು ನೋಟ್‌ಬುಕ್‌ನಲ್ಲಿ ದಿನಾಂಕ ಸಹಿತ ಬರೆದಿಟ್ಟರೆ, ಯಾವ ಕುರಿ ಲಾಭ ತರುತ್ತಿದೆ, ಯಾವುದನ್ನು ಮಾರಬೇಕು ಎಂಬುದು ವರ್ಷಾಂತ್ಯದಲ್ಲಿ ಸ್ಪಷ್ಟವಾಗುತ್ತದೆ.

ಯಾರು ಭಾಗವಹಿಸಬೇಕು?

ದಿನನಿತ್ಯ ಹಿಂಡನ್ನು ನೋಡಿಕೊಳ್ಳುವವರೇ ತರಬೇತಿಗೆ ಬರುವುದು ಸೂಕ್ತ. ಅನೇಕ ಮನೆಗಳಲ್ಲಿ ಮರಿಗಳಿಗೆ ಹಾಲೂಡಿಸಿ, ರೊಪ್ಪ ಗುಡಿಸಿ, ಕಾಯಿಲೆ ಬಿದ್ದ ಕುರಿಯನ್ನು ಮೊದಲು ಗುರುತಿಸುವವರು ಮಹಿಳೆಯರು. ಆದುದರಿಂದ ಕುಟುಂಬದ ಯಜಮಾನರ ಜೊತೆಗೆ ಮಹಿಳೆಯರೂ ಪಾಲ್ಗೊಳ್ಳಬೇಕು. ವಲಸೆ ಹೋಗುವ ಕುರಿಗಾಹಿಗಳು ಊರಿಗೆ ಮರಳಿದ ಅವಧಿಯಲ್ಲಿ ತರಬೇತಿ ಏರ್ಪಡಿಸುವಂತೆ ಮುಂಚಿತವಾಗಿ ಕೋರುವುದು ಒಳ್ಳೆಯದು.

2021ರಲ್ಲಿ ಪರಿಷ್ಕೃತಗೊಂಡ ರಾಷ್ಟ್ರೀಯ ಜಾನುವಾರು ಮಿಷನ್ ಅಡಿಯಲ್ಲಿ ದೊಡ್ಡ ಪ್ರಮಾಣದ ಕುರಿ, ಮೇಕೆ ತಳಿ ಅಭಿವೃದ್ಧಿ ಘಟಕಕ್ಕೆ ಸಹಾಯಧನ ಕೋರುವವರಿಗೂ ತರಬೇತಿ ಅಥವಾ ಸೂಕ್ತ ಅನುಭವ ಇರಬೇಕೆಂಬ ಷರತ್ತನ್ನು ವಿಧಿಸಲಾಯಿತು.

ಸಂಪರ್ಕ

ಆಸಕ್ತ ರೈತ ಬಾಂಧವರು ಹತ್ತಿರದ ಪಶುವೈದ್ಯ ಸಂಸ್ಥೆ, ಕೃಷಿ ವಿಜ್ಞಾನ ಕೇಂದ್ರ ಅಥವಾ ಕರ್ನಾಟಕ ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮವನ್ನು ಸಂಪರ್ಕಿಸಿ ವಿವರ ಪಡೆಯಬಹುದು. ಹೆಸರು ನೋಂದಾಯಿಸುವಾಗ, ತರಬೇತಿಯಲ್ಲಿ ಪ್ರಾಣಿಗಳ ಮೇಲೆ ಪ್ರಾತ್ಯಕ್ಷಿಕೆ ಇದೆಯೇ, ಪ್ರತಿಯೊಬ್ಬರಿಗೂ ಸ್ವತಃ ಮಾಡಿ ನೋಡುವ ಅವಕಾಶವಿದೆಯೇ ಎಂಬುದನ್ನು ವಿಚಾರಿಸಿ ತಿಳಿದುಕೊಳ್ಳುವುದು.