ಪುಣೆ ಅಂಜೂರ

ಪುಣೆ ಅಂಜೂರವು ಫೈಕಸ್ ಕ್ಯಾರಿಕಾ ಎಂಬ ವೈಜ್ಞಾನಿಕ ಹೆಸರಿನ ಅಂಜೂರ ಗಿಡದ ಒಂದು ತಳಿ. ಮಹಾರಾಷ್ಟ್ರದ ಪುಣೆ ಜಿಲ್ಲೆಯಲ್ಲಿ, ಮುಖ್ಯವಾಗಿ ಪುರಂದರ ತಾಲ್ಲೂಕಿನಲ್ಲಿ, ಇದನ್ನು ಬೆಳೆಯುತ್ತಾರೆ. ಪುರಂದರದ ಅಂಜೂರಕ್ಕೆ 2016ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಕರ್ನಾಟಕದಲ್ಲಿ ಬಳ್ಳಾರಿ ಸೀಮೆಯೂ ಶ್ರೀರಂಗಪಟ್ಟಣದ ಬಳಿಯ ಗಂಜಾಮೂ ಅಂಜೂರಕ್ಕೆ ಹೆಸರಾದ ಸ್ಥಳಗಳು. ಪುಣೆ ತಳಿಯ ಹಣ್ಣು ಮಧ್ಯಮ ಗಾತ್ರದ್ದು. ಸಿಪ್ಪೆ ತೆಳುವಾಗಿ ನೇರಳೆ ಛಾಯೆ ಹೊಂದಿರುತ್ತದೆ, ಒಳತಿರುಳು ಗುಲಾಬಿ ಬಣ್ಣದ್ದು.

ಬೆಳಗಾವಿ ಜಿಲ್ಲೆಯ ಕಾಗವಾಡ ತಾಲ್ಲೂಕಿನ ಉಗಾರ ಬುದ್ರುಕ ಹಾಗೂ ಸುತ್ತಲಿನ ಕೃಷ್ಣಾ ತೀರದ ಊರುಗಳ ಹಿತ್ತಲಿಗೆ ಈ ತಳಿ ಹೊಂದುತ್ತದೆ. ಮಳೆ ಕಡಿಮೆ, ಚಳಿಗಾಲ ಹಿತವಾದದ್ದು, ಬೇಸಿಗೆಯ ಬಿಸಿಲು ಒಣದಾದದ್ದು. ಅಂಜೂರದ ಸವಿ ಈ ಒಣಬಿಸಿಲಿನಿಂದ ಬರುವಂಥದು. ಹಣ್ಣು ಮಾಗುವಾಗ ಮಳೆಯಾಗಲಿ ಅತಿಯಾದ ನೀರಾಗಲಿ ಸಿಕ್ಕಿದರೆ ಅದು ಒಡೆದು ಸಪ್ಪೆಯಾಗುತ್ತದೆ.

ಹೂವೋ ಹಣ್ಣೋ

ನಾವು ಹಣ್ಣೆಂದು ತಿನ್ನುವುದು ವಾಸ್ತವದಲ್ಲಿ ಒಳಮುಖವಾಗಿ ಮಡಚಿಕೊಂಡ ಹೂಗೊಂಚಲು. ನೂರಾರು ಸಣ್ಣ ಹೂಗಳು ಅದರ ಒಳಗೋಡೆಯಲ್ಲಿರುತ್ತವೆ. ತುದಿಯ ಕಿರುರಂಧ್ರವೊಂದೇ ದಾರಿ. ಇದೇ ಕುಲದ ಅತ್ತಿಯಲ್ಲಿ ಪರಾಗಸ್ಪರ್ಶಕ್ಕೆಂದು ಸಣ್ಣ ಕಣಜಗಳು ಒಳಹೊಕ್ಕು ಅಲ್ಲೇ ಮೊಟ್ಟೆಯಿಡುತ್ತವೆ. ಅತ್ತಿಯ ಹಣ್ಣು ಬಿಡಿಸಿದರೆ ಹುಳು ಎಂಬ ಮಾತಿಗೆ ಇದೇ ಮೂಲ. ಟರ್ಕಿಯ ಸ್ಮಿರ್ನಾ ಬಗೆಯ ಅಂಜೂರಕ್ಕೂ ಕಣಜ ಬೇಕು. ಪುಣೆ ತಳಿಗೆ ಬೇಡ. ಪರಾಗಸ್ಪರ್ಶವಿಲ್ಲದೆಯೇ ಅದರ ಕಾಯಿ ಬಲಿತು ಹಣ್ಣಾಗುತ್ತದೆ. ಆದ್ದರಿಂದ ಹಿತ್ತಲಿನಲ್ಲಿ ಒಂದೇ ಗಿಡವಿದ್ದರೂ ಸಾಕು.

ಈ ಭಾಗದಲ್ಲಿ ಜೈನ ಒಕ್ಕಲು ಕುಟುಂಬಗಳು ಹೆಚ್ಚು. ಜೈನ ಶ್ರಾವಕಾಚಾರದಲ್ಲಿ ವರ್ಜ್ಯವಾದ ಐದು ಉದುಂಬರ ಫಲಗಳಲ್ಲಿ ಅಂಜೂರವನ್ನೂ ಸೇರಿಸುವವರುಂಟು. ಆ ನಿಯಮ ಫಲಜಾತಿಯನ್ನು ಕುರಿತದ್ದಾದ್ದರಿಂದ, ಒಂದು ತಳಿಗೆ ಕಣಜ ಬೇಕಿಲ್ಲವೆಂಬ ಸಸ್ಯಶಾಸ್ತ್ರದ ವಿವರಣೆಯಿಂದ ವ್ರತಸ್ಥರಿಗೆ ವ್ಯತ್ಯಾಸವೇನೂ ಆಗುವುದಿಲ್ಲ.

ನಾಟಿ

ಒಂದು ವರ್ಷ ಬಲಿತ ಕೊಂಬೆಯಿಂದ 20ರಿಂದ 30 ಸೆಂಟಿಮೀಟರ್ ಉದ್ದದ ತುಂಡನ್ನು ಕತ್ತರಿಸಿ ನೆಟ್ಟರೆ ಬೇರೊಡೆಯುತ್ತದೆ. ಗೂಟಿ ಕಟ್ಟಿಯೂ ಸಸಿ ಮಾಡಬಹುದು. ಗುಂಡಿ ಉದ್ದ, ಅಗಲ, ಆಳಗಳಲ್ಲಿ 60 ಸೆಂಟಿಮೀಟರ್ ಇದ್ದರೆ ಸಾಕು. ಗಿಡ ಹರಡಿಕೊಳ್ಳುವುದರಿಂದ ಗೋಡೆಯಿಂದಲೂ ಇತರ ಮರಗಳಿಂದಲೂ ದೂರವಿರಬೇಕು, ದಿನದ ಬಹುಪಾಲು ಬಿಸಿಲು ಬೀಳಬೇಕು.

ಇಲ್ಲಿನ ನಿಜವಾದ ತೊಡಕು ಮಣ್ಣಿನದು. ಕಬ್ಬಿಗೆ ವರ್ಷವಿಡೀ ನೀರು ಹಾಯಿಸುವ ನದಿತೀರದ ಎರೆಭೂಮಿ ಹಲವೆಡೆ ಸವಳು-ಜವಳಾಗಿದೆ. ಅಂಜೂರ ಸವಳನ್ನು ಒಂದು ಮಿತಿಯವರೆಗೆ ತಾಳಿಕೊಂಡೀತು, ಆದರೆ ಬೇರಿನ ಬುಡದಲ್ಲಿ ನಿಂತ ನೀರನ್ನು ತಾಳದು. ಕಬ್ಬಿನ ಗದ್ದೆಯ ಬದಿಯಲ್ಲಿ ನೆಟ್ಟ ಗಿಡ ಸೊಂಪಾಗಿ ಎಲೆಬಿಟ್ಟರೂ ಹಣ್ಣು ರುಚಿಸದಿರುವುದಕ್ಕೆ ಕಾರಣ ಈ ನೀರೇ. ಗುಂಡಿಯ ತಳಕ್ಕೆ ಗರಸು ಹಾಕುವುದರಿಂದ ಮಾತ್ರ ಎರೆಮಣ್ಣಿನಲ್ಲಿ ನೀರು ಬಸಿಯುವುದಿಲ್ಲ. ಅಲ್ಲಿ ಒಂದೆರಡು ಅಡಿ ಎತ್ತರದ ದಿಬ್ಬ ಮಾಡಿ, ಮಣ್ಣಿಗೆ ಗರಸು, ತಿಪ್ಪೆಗೊಬ್ಬರ ಮತ್ತು ಬೇವಿನ ಹಿಂಡಿ ಬೆರೆಸಿ, ಅದರ ಮೇಲೆ ನೆಡುವುದು ಮೇಲು. ಬುಡಕ್ಕೆ ಹೊದಿಸಲು ಈ ಸೀಮೆಯಲ್ಲಿ ಧಾರಾಳವಾಗಿ ಸಿಗುವ ಕಬ್ಬಿನ ರವದಿಗಿಂತ ಉತ್ತಮವಾದುದು ಬೇರೆ ಬೇಕಿಲ್ಲ. ಗೆದ್ದಲು ಬಾರದಂತೆ ಅದನ್ನು ಕಾಂಡಕ್ಕೆ ತಾಗಿಸದೆ ಹರಡಬೇಕು.

ಚಾಟ್ನಿ ಮತ್ತು ಬಹಾರ

ಹಣ್ಣು ಬಿಡುವುದು ಹೊಸ ಚಿಗುರಿನ ಎಲೆಕಂಕುಳಲ್ಲಿ. ಚಾಟ್ನಿ, ಅಂದರೆ ಸವರುವಿಕೆ, ಆ ಚಿಗುರನ್ನು ಹೊರಡಿಸುವ ಉಪಾಯ. ಪುಣೆ ಭಾಗದ ರೈತರು ಎರಡು ಬಹಾರಗಳನ್ನು ಗುರುತಿಸುತ್ತಾರೆ: ಮಳೆಯ ತೇವದಲ್ಲಿ ಬೆಳೆಯುವ ಹುಳಿಯಾದ ಖಟ್ಟಾ ಬಹಾರ, ಬೇಸಿಗೆಯಲ್ಲಿ ಮಾಗುವ ಸಿಹಿಯಾದ ಮೀಠಾ ಬಹಾರ. ಮನೆಯವರಿಗಾಗಿ ಬೆಳೆಯುವವರು ಮೀಠಾ ಬಹಾರವನ್ನೇ ಹಿಡಿಯಬೇಕು. ಮಳೆ ಹಿಂದೆ ಸರಿದ ಮೇಲೆ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ಭಾಗದೊಳಗೆ ಕೊಂಬೆಗಳನ್ನು ಸವರಿದರೆ ಫೆಬ್ರವರಿ-ಮಾರ್ಚ್‌ನಿಂದ ಮೇವರೆಗೆ ಹಣ್ಣು ಸಿಗುತ್ತದೆ. ಅಥಣಿ ಕಡೆಯ ದ್ರಾಕ್ಷಿ ತೋಟಗಳ ಅಕ್ಟೋಬರ್ ಚಾಟ್ನಿಯ ಕಾಲವೂ ಇದೇ ಆದ್ದರಿಂದ ಕತ್ತರಿ ಹಿಡಿಯಬಲ್ಲ ಕೈಗಳಿಗೆ ಇಲ್ಲಿ ಕೊರತೆಯಿಲ್ಲ.

ಕೆಲವು ಕೊಂಬೆಗಳಲ್ಲಿ ಕಣ್ಣುಗಳು ಮಲಗಿಯೇ ಇರುತ್ತವೆ. ಕಣ್ಣಿನ ಮೇಲ್ಭಾಗದಲ್ಲಿ ಸುಮಾರು 2.5 ಸೆಂಟಿಮೀಟರ್ ಉದ್ದಕ್ಕೆ ತೊಗಟೆಯನ್ನು ಓರೆಯಾಗಿ ಕತ್ತರಿಸಿ ತೆಗೆದರೆ, ತುದಿಯಿಂದ ಇಳಿದುಬರುವ ನಿಗ್ರಹ ಚೋದಕ ಅಲ್ಲಿಗೇ ತಡೆದು ಆ ಕಣ್ಣು ಚಿಗುರುತ್ತದೆ. ಕಾಯಿ ಬಲಿಯುವಾಗ ನೀರು ಒಂದೇ ಸಮನಾಗಿರಬೇಕು. ಮಾಗುವ ಹೊತ್ತಿಗೆ ತಗ್ಗಿಸಬೇಕು. ಬಹುದಿನ ಒಣಗಿಸಿ ಒಮ್ಮೆಲೇ ತುಂಬಿಸಿದರೆ ಹಣ್ಣು ಬಿರಿಯುತ್ತದೆ.

ಮಳೆಗಾಲದಲ್ಲಿ ಎಲೆಯ ಅಡಿಭಾಗಕ್ಕೆ ತುಕ್ಕುರೋಗ ತಗಲಿ ಎಲೆಗಳು ಉದುರುತ್ತವೆ. ಉದುರಿದ್ದನ್ನು ಆರಿಸಿ ಸುಡುವುದು, ಶೇಕಡ 1ರ ಬೋರ್ಡೋ ದ್ರಾವಣ ಸಿಂಪಡಿಸುವುದು ರೂಢಿ. ಕಾಂಡಕೊರಕ ಹುಳುವಿನ ರಂಧ್ರದಿಂದ ಹಿಟ್ಟು ಉದುರುತ್ತಿದ್ದರೆ ತಂತಿ ತೂರಿಸಿ ಹುಳುವನ್ನು ಕೊಲ್ಲಬೇಕು. ಹಕ್ಕಿ, ಬಾವಲಿಗಳಿಗೆ ಬಲೆಯೇ ಮದ್ದು.

ಕೊಯ್ಲು ಮತ್ತು ಬಳಕೆ

ಅಪಕ್ವವಾಗಿ ಕಿತ್ತ ಅಂಜೂರ ಮೆತ್ತಗಾದೀತೇ ಹೊರತು ಸಿಹಿಯಾಗದು. ಮರದಲ್ಲೇ ಪೂರ್ಣ ಮಾಗಿದ ಹಣ್ಣಾದರೋ ಒಂದೆರಡು ದಿನಕ್ಕಿಂತ ಹೆಚ್ಚು ಬಾಳದು. ದೂರದ ಮಾರುಕಟ್ಟೆಗೆ ಹೋಗುವ ಹಣ್ಣನ್ನು ಈ ಕಾರಣದಿಂದ ಬೇಗನೆ ಕೀಳುತ್ತಾರೆ. ಅಂಜೂರದ ಪೂರ್ಣ ರುಚಿ ಸಿಗುವುದು ಗಿಡವಿರುವ ಮನೆಯವರಿಗೇ. ಹಣ್ಣಿನ ಕುತ್ತಿಗೆ ಬಾಗಿ, ಸಿಪ್ಪೆಯಲ್ಲಿ ನವಿರಾದ ಬಿರುಕು ಮೂಡಿ, ತೊಟ್ಟಿನಿಂದ ಹಾಲು ಒಸರದಿದ್ದರೆ ಅದು ಮಾಗಿದೆ ಎಂದರ್ಥ. ಮುಂಜಾನೆಯ ತಂಪಿನಲ್ಲಿ ತೊಟ್ಟುಸಹಿತ ಬಿಡಿಸಬೇಕು.

ಗಿಡದ ಹಾಲಿನಲ್ಲಿರುವ ಫ್ಯುರಾನೊಕೌಮರಿನ್‌ಗಳು ಚರ್ಮಕ್ಕೆ ತಗಲಿ ಮೇಲೆ ಬಿಸಿಲು ಬಿದ್ದರೆ ಬೊಬ್ಬೆಗಳೇಳಬಹುದು. ಆದುದರಿಂದ ಚಾಟ್ನಿಯ ವೇಳೆ ಕೈಗವಸು, ತುಂಬುತೋಳಿನ ಅಂಗಿ ಅಗತ್ಯ, ಮಕ್ಕಳನ್ನು ದೂರವಿಡಬೇಕು.

ತಾಜಾ ಅಂಜೂರದಲ್ಲಿ ಶೇಕಡ 79ರಷ್ಟು ನೀರಿದ್ದು, 100 ಗ್ರಾಮಿನಲ್ಲಿ ಸುಮಾರು 74 ಕಿಲೋಕ್ಯಾಲೊರಿ ಶಕ್ತಿಯಿದೆ. ಒಣಗಿದಾಗ ಅದು 249ರ ಆಸುಪಾಸಿಗೆ ಏರುತ್ತದೆ. ಅಂಗಡಿಗಳಲ್ಲಿ ದಾರಕ್ಕೆ ಪೋಣಿಸಿ ಮಾರುವ ಒಣ ಅಂಜೂರ ಬಹುತೇಕ ಅಫ್ಘಾನಿಸ್ತಾನದಿಂದ ಬಂದುದು. ಪುಣೆ ತಳಿಯನ್ನು ಹೆಚ್ಚಾಗಿ ಹಸಿಯಾಗಿಯೇ ತಿನ್ನುತ್ತಾರೆ. ಹಣ್ಣು ಒಮ್ಮೆಗೇ ಹೆಚ್ಚು ಬಂದಾಗ ಬೆಲ್ಲದೊಡನೆ ಕುದಿಸಿ ಮುರಬ್ಬ ಮಾಡಿಡಬಹುದು.