ಹೊಸ ಕೀಬೋರ್ಡಿನಲ್ಲಿ ನಾಗಝರಿಯ ಸ್ವರ

ಅಂಬಿಕಾನಗರದ ಕರೆಂಟಿಗೆ ಒಂದು ಶ್ರುತಿಯಿದೆ. ಬೊಮ್ಮನಹಳ್ಳಿ ಜಲಾಶಯದಿಂದ ಇಳಿಯುವ ಕಾಳಿ ನದಿಯ ನೀರು ನಾಗಝರಿ ವಿದ್ಯುದಾಗಾರದ ಆರು ಘಟಕಗಳನ್ನು ತಿರುಗಿಸುತ್ತದೆ. ಅಲ್ಲಿ ಹುಟ್ಟುವ ವಿದ್ಯುತ್ತು ಸೆಕೆಂಡಿಗೆ 50 ಸಲ ಅತ್ತಿತ್ತ ಓಲಾಡುತ್ತದೆ. ಪ್ರತಿ ಓಲಾಟದಲ್ಲೂ ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ತಿರುಳು ಎರಡು ಸಲ ಹಿಗ್ಗಿ ಕುಗ್ಗುವುದರಿಂದ ನಮಗೆ ಕೇಳುವ ಗುಂಯ್‌ಗುಡುವಿಕೆ 100 ಹರ್ಟ್ಸ್‌ನದು. ಹಾರ್ಮೋನಿಯಂ ಲೆಕ್ಕದಲ್ಲಿ ಅದು ಬಿಳಿ ಐದಕ್ಕಿಂತ, ಅಂದರೆ ಐದನೆಯ ಬಿಳಿಪಟ್ಟಿಯ ಸ್ವರಕ್ಕಿಂತ, ತುಸು ಮೇಲೆ. ಕರಿಪಟ್ಟಿಯನ್ನು ‘ಕಾಳಿ’ ಎಂದು ಕರೆಯುವ ಹಿಂದೂಸ್ತಾನಿಯವರಿಗೆ ಇದೊಂದು ತಮಾಷೆ: ಕಾಳಿಯ ಕರೆಂಟು ಹಾಡುವುದು ಬಿಳಿಯ ಪಕ್ಕದಲ್ಲಿ.

ಹೊಸ ಸಿಂಥಸೈಜರ್ ತಂದು ಪ್ಲಗ್ಗಿಗೆ ಹಾಕಿದಾಗ, ಒಂದು ಪಟ್ಟಿಯನ್ನೂ ಮುಟ್ಟುವ ಮೊದಲೇ ಸ್ಪೀಕರಿನಲ್ಲಿ ಇದೇ ಸ್ವರ ಗುನುಗಿದರೆ ಎದೆ ಧಸಕ್ಕೆನ್ನುತ್ತದೆ. ತಪ್ಪು ವಾದ್ಯದ್ದೇ ಆಗಿರಬೇಕೆಂದಿಲ್ಲ. ಅಡಾಪ್ಟರ್ ಸರಿಯಿಲ್ಲದಿರಬಹುದು, ಮನೆಯ ಅರ್ಥಿಂಗ್ ಕೆಟ್ಟಿರಬಹುದು. ಬ್ಯಾಟರಿ ಹಾಕುವ ಸೌಲಭ್ಯವಿದ್ದರೆ ಪ್ಲಗ್ ಕಿತ್ತು, ಬ್ಯಾಟರಿಯಲ್ಲಿ ನಡೆಸಿ, ಹೆಡ್‌ಫೋನಿನಲ್ಲಿ ಕೇಳಿ. ಗುನುಗು ನಿಂತರೆ ವಾದ್ಯ ನಿರಪರಾಧಿ. ನಿಲ್ಲದಿದ್ದರೆ ದೋಷವನ್ನು ಒಳಗೇ ಹುಡುಕಬೇಕು.

ಹೊಸ ವಾದ್ಯದ ಹೆಚ್ಚಿನ ತಂಟೆ ಇರುವುದು ಪಟ್ಟಿಗಳ ಅಡಿಯಲ್ಲಿ. ಬೆರಳು ಮೆಲ್ಲಗೆ ಒತ್ತಿತೋ ಜೋರಾಗಿ ಕುಟ್ಟಿತೋ ಎಂಬುದು ಯಂತ್ರಕ್ಕೆ ಗೊತ್ತಾಗುವುದು ಹೇಗೆ? ಸಾಮಾನ್ಯವಾಗಿ ಅದು ಒತ್ತಡವನ್ನು ಅಳೆಯುವುದಿಲ್ಲ, ಸಮಯವನ್ನು ಅಳೆಯುತ್ತದೆ. ಪ್ರತಿ ಪಟ್ಟಿಯ ಕೆಳಗೆ ರಬ್ಬರಿನ ಪುಟ್ಟ ಗುಮ್ಮಟಗಳಿದ್ದು, ಅವುಗಳೊಳಗೆ ಎರಡು ಇಂಗಾಲದ ಬಿಲ್ಲೆಗಳಿರುತ್ತವೆ. ಪಟ್ಟಿ ಇಳಿಯುವಾಗ ಒಂದು ಬಿಲ್ಲೆ ಮೊದಲು ತಾಗುತ್ತದೆ, ಇನ್ನೊಂದು ಆಮೇಲೆ. ನಡುವಿನ ಅಂತರ ಕೆಲವೇ ಮಿಲಿಸೆಕೆಂಡಾದರೆ ಜೋರು, ಹೆಚ್ಚಾದರೆ ಮೆಲು. 1983ರಲ್ಲಿ ಬಂದ ಮಿಡಿ ಎಂಬ ಸಂಕೇತಭಾಷೆ ಈ ಬಿರುಸನ್ನು 1ರಿಂದ 127ರವರೆಗಿನ ಅಂಕಿಗಳಲ್ಲಿ ಬರೆಯುತ್ತದೆ. ಬಿಲ್ಲೆಯ ಮೇಲೆ ಒಂದು ಧೂಳಿನ ಕಣ ಕೂತರೆ ಲೆಕ್ಕ ತಪ್ಪಿತು: ಸ್ವರ ಹೊರಡುವುದೇ ಇಲ್ಲ, ಇಲ್ಲವೇ ಎಷ್ಟು ಹಗುರಾಗಿ ಮುಟ್ಟಿದರೂ ಕಿರುಚುತ್ತದೆ.

ಈಗ ಸಣ್ಣ ಗಣಿತ. 61 ಪಟ್ಟಿಗಳ ಕೀಬೋರ್ಡಿನಲ್ಲಿ 122 ಬಿಲ್ಲೆಗಳು. ಸಾವಿರ ಬಿಲ್ಲೆಗಳಲ್ಲಿ ಒಂದು ಮಾತ್ರ ಕೆಟ್ಟದ್ದು ಎಂದಿಟ್ಟುಕೊಳ್ಳೋಣ. ಬಹಳ ಒಳ್ಳೆಯ ಕಾರ್ಖಾನೆ ಅನ್ನಿಸುತ್ತದೆ, ಅಲ್ಲವೇ? ಆದರೂ ನೂರು ಕೀಬೋರ್ಡುಗಳಲ್ಲಿ ಹನ್ನೊಂದು ಹನ್ನೆರಡರಲ್ಲಿ ಒಂದಾದರೂ ಕೆಟ್ಟ ಬಿಲ್ಲೆ ಇರುತ್ತದೆ. ಇಂಥ ದೋಷವನ್ನು ನೂರಕ್ಕೆ ಒಂದು ಕೀಬೋರ್ಡಿನ ಮಟ್ಟಕ್ಕೆ ಇಳಿಸಬೇಕಾದರೆ ಸುಮಾರು ಹನ್ನೆರಡು ಸಾವಿರ ಬಿಲ್ಲೆಗಳಲ್ಲಿ ಒಂದಕ್ಕಿಂತ ಹೆಚ್ಚು ಕೆಡಬಾರದು. ಬಿಡಿಭಾಗ ಹೆಚ್ಚಿದಷ್ಟೂ ಗುಣಮಟ್ಟ ಕಾಯುವ ಕೆಲಸ ಕಠಿಣವಾಗುವುದು ಹೀಗೆ. ಕಾರ್ಖಾನೆ ಬೆಲೆ ಇಳಿಸಲು ಎಲ್ಲವನ್ನೂ ಪರೀಕ್ಷಿಸದೆ ಗುಂಪಿನಿಂದ ಕೆಲವನ್ನೇ ಎತ್ತಿ ನೋಡಿ ಕಳಿಸಿದರೆ, ಉಳಿದ ಪರೀಕ್ಷೆ ಕೊಂಡವರ ಪಾಲಿಗೆ.

ಎಲ್ಲ ವಿಚಿತ್ರವೂ ದೋಷವಲ್ಲ. ರಾಬರ್ಟ್ ಮೂಗ್ 1964ರಲ್ಲಿ ರೂಪಿಸಿದ ಅನಲಾಗ್ ಸಿಂಥಸೈಜರಿನ ಪರಂಪರೆಯ ವಾದ್ಯಗಳಲ್ಲಿ ಸ್ವರ ಹುಟ್ಟಿಸುವುದು ಟ್ರಾನ್ಸಿಸ್ಟರ್ ಮಂಡಲ. ಟ್ರಾನ್ಸಿಸ್ಟರಿನಲ್ಲಿ ಹರಿಯುವ ಕರೆಂಟು ಬಿಸಿಯೊಂದಿಗೆ ಬದಲಾಗುತ್ತದೆ, ಅದರೊಂದಿಗೆ ಶ್ರುತಿಯೂ ಸರಿಯುತ್ತದೆ. ಆನ್ ಮಾಡಿ ಹತ್ತಿಪ್ಪತ್ತು ನಿಮಿಷ ಬಿಸಿಯಾಗಲು ಬಿಟ್ಟು ಆಮೇಲೆ ಶ್ರುತಿ ನೋಡುವುದು ನ್ಯಾಯ. ಹವೆ ಬದಲಾಗಿ ತಂಬೂರಿಯ ಶ್ರುತಿ ಸರಿದರೆ ಅಂಗಡಿಯವನನ್ನು ಬೈಯುತ್ತೇವೆಯೇ? ಡಿಜಿಟಲ್ ವಾದ್ಯಕ್ಕೆ ಮಾತ್ರ ಈ ರಿಯಾಯಿತಿ ಇಲ್ಲ. ಅದರ ಶ್ರುತಿ ಸ್ಫಟಿಕದ ಗಡಿಯಾರಕ್ಕೆ ಕಟ್ಟಿದ್ದು.

ಎಲೆಕ್ಟ್ರಾನಿಕ್ ಯಂತ್ರಗಳು ಹೆಚ್ಚಾಗಿ ಕೆಡುವುದು ಎಳವೆಯಲ್ಲಿ, ಇಲ್ಲವೇ ಮುಪ್ಪಿನಲ್ಲಿ. ಅರೆಬರೆ ಬೆಸುಗೆ, ಸಡಿಲ ಕನೆಕ್ಟರ್ ಮೊದಲ ವಾರಗಳಲ್ಲೇ ಬಣ್ಣ ಬಯಲು ಮಾಡುತ್ತವೆ. ನಮ್ಮ ಜೋಯಿಡಾ–ದಾಂಡೇಲಿ ಸೀಮೆಯ ಮಳೆಗಾಲ ಈ ಕೆಡುವಿಕೆಗೆ ಇನ್ನಷ್ಟು ಇಂಬು ಕೊಡುತ್ತದೆ. ಥಂಡಿ ಹಿಡಿದ ಪೆಟ್ಟಿಗೆಯನ್ನು ತೆರೆದ ಕೂಡಲೇ ಕರೆಂಟು ಕೊಡಬೇಡಿ, ಕೆಲವು ತಾಸು ಒಣಗಲಿ. ಹಾಗೆಂದು ‘ಮಳೆ ಮುಗಿಯಲಿ’ ಎಂದು ಪೆಟ್ಟಿಗೆಯನ್ನು ಅಟ್ಟದ ಮೇಲಿಟ್ಟರೆ ಹಿಂತಿರುಗಿಸುವ ಅವಧಿಯೇ ಕಳೆದುಹೋದೀತು.

ಪೆಟ್ಟಿಗೆ ತೆರೆಯುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿ, ಬಿಲ್ಲು ಜೋಪಾನವಾಗಿಡಿ. ವಾದ್ಯದ ಪ್ರತಿ ನಾಬನ್ನೂ ನಿಧಾನವಾಗಿ ತಿರುಗಿಸಿ, ಚರಚರ ಸದ್ದು ಬರುತ್ತದೆಯೇ ಕೇಳಿ. ಶ್ರುತಿ ಬಾಗಿಸುವ ಚಕ್ರವನ್ನು ಬಿಟ್ಟಾಗ ಸ್ವರ ಮೂಲಸ್ಥಾನಕ್ಕೆ ಮರಳುತ್ತದೆಯೇ ನೋಡಿ. ತಕರಾರು ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಿದೆ. ಮಾರಿದವರು ಯಾವ ಊರಿನವರೇ ಆಗಿರಲಿ, ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಆಯೋಗಕ್ಕೇ ದೂರು ಕೊಡಬಹುದು. ಉತ್ತರ ಕನ್ನಡದ ನಮಗೆ ಅದು ಕಾರವಾರದಲ್ಲಿದೆ.

ಆದ್ದರಿಂದ ಮೊದಲ ದಿನ ಭೂಪಾಲಿ ಬೇಡ, ಸಿನಿಮಾ ಹಾಡೂ ಬೇಡ. ಎಡತುದಿಯಿಂದ ಬಲತುದಿಗೆ 61 ಪಟ್ಟಿಗಳನ್ನೂ ಒಂದೊಂದಾಗಿ ಒತ್ತಿ: ಒಮ್ಮೆ ಮೆಲ್ಲಗೆ, ಒಮ್ಮೆ ಮಧ್ಯಮವಾಗಿ, ಒಮ್ಮೆ ಜೋರಾಗಿ. ಮನೆಯವರು ತಲೆ ಚಚ್ಚಿಕೊಳ್ಳಬಹುದು, ಚಿಂತೆಯಿಲ್ಲ. ಹದಿನೈದು ನಿಮಿಷದ ಈ ಬೇಸರದ ಕಛೇರಿಗೆ ಕಾರ್ಖಾನೆ ನಿಮ್ಮನ್ನೇ ಕಲಾವಿದರನ್ನಾಗಿ ನೇಮಿಸಿದೆ.